ಕಡಲಾಚೆಯ ಕನ್ನಡ ಲೇಖಕ ಮತ್ತು ಅಂತರ್ಜಾಲದ ಪುಸ್ತಕ ಮಾರಾಟ



ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬುದನ್ನು ನಾವೆಲ್ಲರೂ ಕೇಳಿ ಬಲ್ಲೆವು. ಇಂದು ಆ ಹೊರೆಯನ್ನು ಅಂತರ್ಜಾಲವೇ ಹೊರುವುದೆಂದು ನಂಬಿ, ನಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿ, ಜಾಲತಾಣದಲ್ಲಿ ಮುಖಪುಟದ ಚಿತ್ರವೊಂದನ್ನು ಅಂಟಿಸಿ ಸುಮ್ಮನಾಗುತ್ತೇವೆ. ಹೊರೆ ಇಳಿದದ್ದು ನಿಜ. ಆದರೆ ಗಳಗನಾಥರು ಓದುಗನ ಬಾಗಿಲಿಗೆ ಹೋಗುತ್ತಿದ್ದರು. ಆ ಕೆಲಸ ಇಂದಿಗೂ ಲೇಖಕನದೇ.

ಹುಡುಕುವವನ ಕಣ್ಣಿಗೆ ಪುಸ್ತಕ ಬೀಳಬೇಕು. ಕನ್ನಡದ ಮಟ್ಟಿಗೆ ಇಲ್ಲಿಯೇ ಒಂದು ತೊಡಕಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಹಸ್ತಪ್ರತಿಗಳು, ಆ ವಿನ್ಯಾಸವಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೋರುತ್ತವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಗತ್ಯಂತರವಿಲ್ಲ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಆದುದರಿಂದ ಕರಡನ್ನು ಮತ್ತೊಮ್ಮೆ ತಿದ್ದತಕ್ಕದ್ದು. ಶೀರ್ಷಿಕೆ, ಲೇಖಕರ ಹೆಸರು ಹಾಗೂ ಪುಸ್ತಕದ ಪರಿಚಯ ಚಿತ್ರದೊಳಗೆ ಅಡಗಿರದೆ ಅಕ್ಷರರೂಪದಲ್ಲಿರಲಿ, ರೋಮನ್ ಲಿಪಿಯಲ್ಲಿಯೂ ಇರಲಿ. ಕನ್ನಡ ಪುಸ್ತಕವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಐಎಸ್‌ಬಿಎನ್ ಸಂಖ್ಯೆಯೂ ಅವಶ್ಯ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಕೆನಡಾದಲ್ಲಿಯೂ ಉಚಿತ. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಹಣ ತೆರಬೇಕು.

ಇನ್ನು ಅಂಗಡಿಯ ಮಾತು. ಅಮೆಜಾನ್ ಸಂಸ್ಥೆ 2016ರಲ್ಲಿ ತನ್ನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳನ್ನು ಬರಮಾಡಿಕೊಂಡಾಗ ಕನ್ನಡ ಆ ಪಂಕ್ತಿಯಲ್ಲಿರಲಿಲ್ಲ. ಎಂಟು ಜ್ಞಾನಪೀಠಗಳ ಭಾಷೆಗೆ ಹೀಗಾಯಿತೆಂದು ನಾವು ಕೊರಗಿದ್ದುಂಟು. ಕೊರಗಿನಿಂದ ಪುಸ್ತಕ ಮಾರಾಟವಾಗದು. 2020ರಲ್ಲಿ ಕನ್ನಡಿಗರೇ ಆರಂಭಿಸಿದ ಮೈಲ್ಯಾಂಗ್ ಮಿಂಬುಸ್ತಕಗಳಿಗೂ ಕೇಳುಪುಸ್ತಕಗಳಿಗೂ ದಾರಿ ತೆರೆಯಿತು. ಅದಕ್ಕೂ ಮೊದಲೇ, 2008ರಲ್ಲಿ, ಬೆಂಗಳೂರಿನ ಪೋತಿ ಡಾಟ್ ಕಾಮ್ ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಮುದ್ರಿಸುವ ಏರ್ಪಾಡನ್ನು ತಂದಿತ್ತು. ಈ ಕ್ರಮದಲ್ಲಿ ಪ್ರತಿಯೊಂದರ ಮುದ್ರಣವೆಚ್ಚ ಅಧಿಕವಾದರೂ, ತವರುಮನೆಯ ಅಟ್ಟದಲ್ಲಿ ಕಟ್ಟುಗಳು ಗೆದ್ದಲಿಗೆ ಆಹಾರವಾಗುವ ಸಂಕಟವಿಲ್ಲ.

ಎಷ್ಟು ಪ್ರತಿ ಮಾರಾಟವಾದೀತೆಂದು ಮೊದಲೇ ತಿಳಿಯುವುದು ಹೇಗೆ? ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಇದಕ್ಕೆ ಉತ್ತರ ಕಂಡುಕೊಂಡಿತ್ತು: ಅದು ಚಂದಾದಾರರನ್ನು ಕೂಡಿಸಿತು. ಪ್ರಕಟಣಪೂರ್ವ ಬೆಲೆಯೊಂದನ್ನು ಗೊತ್ತುಮಾಡಿ, ಮೊದಲ ಅಧ್ಯಾಯವನ್ನು ಉಚಿತವಾಗಿ ಓದಗೊಟ್ಟು, ಇಷ್ಟಪಟ್ಟವರ ಹೆಸರನ್ನೂ ವಿದ್ಯುನ್ಮಾನ ವಿಳಾಸವನ್ನೂ ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಂಡರೆ, ನಮಗೂ ಅಂಥದೇ ಒಂದು ಪಟ್ಟಿ ದೊರೆಯುತ್ತದೆ. ಫೇಸ್‌ಬುಕ್ಕಿನ ಸಾವಿರ ಮೆಚ್ಚುಗೆಗಳಿಗಿಂತ ಇಂತಹ ಇನ್ನೂರು ಹೆಸರುಗಳು ಮೇಲೆಂಬುದು ನಮ್ಮ ಅಭಿಪ್ರಾಯ. ಮೆಚ್ಚುಗೆಯ ಗುಂಡಿ ಒತ್ತುವವರೆಲ್ಲ ಕೊಳ್ಳುವುದಿಲ್ಲ. ಕೊಳ್ಳುವ ಬಂಧುಗಳೂ ಎಲ್ಲರೂ ಓದುವುದಿಲ್ಲವೆನ್ನಿ!

ಬೆಲೆ ಕಟ್ಟುವಾಗ ಅಂಚೆಯನ್ನು ಮರೆಯಬಾರದು. ಇನ್ನೂರೈವತ್ತು ರೂಪಾಯಿಯ ಪುಸ್ತಕವನ್ನು ಸಾಗರ ದಾಟಿಸಲು ಅದರ ಬೆಲೆಗಿಂತ ಅಧಿಕ ವೆಚ್ಚವಾಗುವುದುಂಟು. ಭಾರತದೊಳಗೂ, ಕಡಮೆ ದರದ ನೋಂದಾಯಿತ ಪುಸ್ತಕ ಅಂಚೆಯನ್ನು ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಒಂದೇ ಊರಿನ ಹತ್ತು ಮನೆಗಳ ಬೇಡಿಕೆಯನ್ನು ಒಂದೇ ಕಟ್ಟಿನಲ್ಲಿ ತರಿಸಿ ಕನ್ನಡ ಕೂಟದ ಸಭೆಯಲ್ಲಿ ಹಂಚುವುದು ಮೇಲು.

ವಿಮರ್ಶೆಯ ವಿಷಯದಲ್ಲಿ ಎಚ್ಚರವಿರಲಿ. ಲೇಖಕರ ಮನೆಯವರೂ ಆಪ್ತರೂ ಹೊಗಳಿಕೆ ಬರೆಯುವುದನ್ನು ಅಮೆಜಾನ್ ಒಪ್ಪುವುದಿಲ್ಲ. ಸುಳ್ಳು ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ನಿಯಮದಲ್ಲಿ ನಿಷೇಧಿಸಿತು. ನಮ್ಮಂತಹ ವೈದ್ಯರು ಆರೋಗ್ಯದ ಪುಸ್ತಕ ಬರೆದಾಗ ಇನ್ನೊಂದು ಕಟ್ಟೂ ಉಂಟು: ಪರೀಕ್ಷಾ ಕೊಠಡಿಯಲ್ಲಿ ರೋಗಿಯ ಕೈಗೆ ಪುಸ್ತಕವಿತ್ತು ಬೆಲೆ ಹೇಳಕೂಡದು. ಬೇಡವೆನ್ನುವ ಸ್ವಾತಂತ್ರ್ಯ ಆ ಕ್ಷಣದಲ್ಲಿ ಆತನಿಗಿರುವುದಿಲ್ಲ.

ಕಡೆಯದಾಗಿ, ನಮ್ಮ ಮಕ್ಕಳ ವಿಚಾರ. ಅಜ್ಜಿಯ ದೂರವಾಣಿಯ ಮಾತು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಕ್ಷರ ಮಾತ್ರ ಬಾರದು. ಅವರ ಪಾಲಿಗೆ ಕನ್ನಡ ಪುಸ್ತಕವೆಂದರೆ ಕೇಳುವ ಪುಸ್ತಕವೇ. ಲೇಖಕರು ತಮ್ಮ ದನಿಯಲ್ಲಿಯೇ ಐದು ನಿಮಿಷ ಓದಿ ಯೂಟ್ಯೂಬಿನಲ್ಲಿರಿಸಿದರೆ ಅದೇ ಪ್ರಚಾರ, ಅದೇ ಆಹ್ವಾನ. ಆದರೆ ಹಾಗೆ ಓದುವ ಹಕ್ಕು ಲೇಖಕರ ಬಳಿ ಉಳಿದಿರಬೇಕಷ್ಟೆ. ಪ್ರಕಾಶಕರ ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳು’ ಎಂಬ ಎರಡು ಪದಗಳಿಗೆ ರುಜು ಹಾಕಿದವರಿಗೆ ಆ ಅಧಿಕಾರ ಇಲ್ಲದೆ ಹೋಗಬಹುದು. ಮುದ್ರಣ, ಮಿಂಬುಸ್ತಕ, ಧ್ವನಿ, ಅನುವಾದ ಇವುಗಳ ಹಕ್ಕನ್ನು ಬೇರೆಬೇರೆಯಾಗಿ, ಅವಧಿಯನ್ನು ನಮೂದಿಸಿ ಬರೆಸಿಕೊಳ್ಳಿರಿ. ಅವಧಿ ಮುಗಿದೊಡನೆ ಅವು ಲೇಖಕರಿಗೆ ಮರಳತಕ್ಕದ್ದೆಂಬ ಸಾಲನ್ನೂ ಸೇರಿಸಿರಿ.