ದೀಪ ಆರಿಸುವ ಮುನ್ನ: ಕ್ರೈಸ್ತ ವಿಶ್ವಾಸ ಮತ್ತು ದಾಂಪತ್ಯದ ಆರೋಗ್ಯ

ದೇಹಕ್ಕಿರುವಂತೆ ದಾಂಪತ್ಯಕ್ಕೂ ಒಂದು ಆರೋಗ್ಯವಿದೆ. ದೇಹದ ಅಸ್ವಾಸ್ಥ್ಯವು ಜ್ವರ, ನೋವುಗಳಿಂದ ತನ್ನನ್ನು ಸಾರಿಕೊಳ್ಳುತ್ತದೆ. ದಾಂಪತ್ಯದ ಅಸ್ವಾಸ್ಥ್ಯವಾದರೋ ಬಹುಮಟ್ಟಿಗೆ ಮೌನದ ರೂಪದಲ್ಲಿಯೇ ಮನೆಯನ್ನು ಹೊಗುತ್ತದೆ. ಡೊಂಬಿವಲಿಯಂತಹ ಊರಿನಲ್ಲಿ ಈ ಮೌನಕ್ಕೆ ಎಡೆ ಹೆಚ್ಚು. ಇಲ್ಲಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸುಮಾರು 48 ಕಿಲೋಮೀಟರ್ ದೂರ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಹೋಗಿಬರುವುದರಲ್ಲಿಯೇ ದಿನದ ಎರಡು ಮೂರು ಗಂಟೆಗಳು ಕಳೆದುಹೋಗುತ್ತವೆ. ದಣಿದು ಮನೆ ಸೇರಿದ ಪತಿಪತ್ನಿಯರ ಮಾತು ಹಾಲು, ಗ್ಯಾಸು, ಮಕ್ಕಳ ಟ್ಯೂಷನ್, ಸೊಸೈಟಿಯ ಬಾಕಿ ಇವಿಷ್ಟರಲ್ಲಿಯೇ ಮುಗಿಯುವುದುಂಟು. ಊರಿನಲ್ಲಿ ಮನಸ್ತಾಪವನ್ನು ತಿಳಿಗೊಳಿಸಲು ಮನೆತುಂಬ ಹಿರಿಯರಿರುತ್ತಿದ್ದರು. ಇಲ್ಲಿ ಎರಡು ಕೋಣೆಗಳ ನಡುವೆ ಇಬ್ಬರೇ.

ಕರ್ನಾಟಕದ ಕರಾವಳಿಯಿಂದ ಮುಂಬಯಿ ಪ್ರದೇಶಕ್ಕೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಇದಕ್ಕೊಂದು ಔಷಧವನ್ನು ತಮ್ಮೊಡನೆಯೇ ತಂದಿದ್ದವು. ಅದು ಮನೆಯ ಸಂಜೆಯ ಪ್ರಾರ್ಥನೆ. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಸಂಜೆ ಎಲ್ಲರೂ ಕೂಡಿ ಜಪಮಾಲೆ ಹೇಳಿ, ಬಳಿಕ ಕಿರಿಯರು ಹಿರಿಯರಿಂದ ‘ಬೆಸಾಂವ್’ ಎಂದರೆ ಆಶೀರ್ವಾದ ಬೇಡುವುದು ಹಳೆಯ ರೂಢಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟಂಟ್ ಮನೆಗಳಲ್ಲಿ ಬೈಬಲಿನ ಪಠನವೂ ಕೀರ್ತನೆಯೂ ಆ ಸ್ಥಾನವನ್ನು ಪಡೆದವು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಸವಿಯುವುದೂ ಇದೇ ಭಾವದ ಆಚರಣೆ. ಬೆಳಿಗ್ಗೆ ಜಗಳವಾಡಿದವರು ಸಂಜೆ ಒಂದೇ ಚಾಪೆಯ ಮೇಲೆ ಕುಳಿತು ದೇವರ ಕ್ಷಮೆಯನ್ನು ಬೇಡಬೇಕಾದಾಗ, ಪಕ್ಕದಲ್ಲಿರುವವರಿಗೆ ಅದೇ ಕ್ಷಮೆಯನ್ನು ನಿರಾಕರಿಸುವುದು ಸುಲಭವಲ್ಲ.

ಕ್ರೈಸ್ತ ದೃಷ್ಟಿಯಲ್ಲಿ ವಿವಾಹವು ಕೇವಲ ಇಬ್ಬರ ಒಪ್ಪಂದವಲ್ಲ. ದೇವರ ಸಮ್ಮುಖದಲ್ಲಿ ಮಾಡಿದ ಒಡಂಬಡಿಕೆ. ಕಥೋಲಿಕರು ಅದನ್ನು ಸಂಸ್ಕಾರವೆಂದೇ ಎಣಿಸುತ್ತಾರೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯವನ್ನು ಮದುವೆಗಳಲ್ಲಿ ಓದುವುದುಂಟು. ಆದರೆ ಅದು ವಧೂವರರಿಗಾಗಿ ಬರೆದುದಲ್ಲ. ಒಳಜಗಳದಿಂದ ಒಡೆದಿದ್ದ ಒಂದು ಸಭೆಗೆ ಬರೆದುದು. ಅಲ್ಲಿ ಹೇಳಿದ ತಾಳ್ಮೆ, ದಯೆ, ತಪ್ಪುಗಳ ಲೆಕ್ಕವಿಡದಿರುವುದು ಇವೆಲ್ಲ ಮೂಲ ಗ್ರೀಕಿನಲ್ಲಿ ಕ್ರಿಯಾಪದಗಳು. ಪ್ರೀತಿಯೆಂಬುದು ತಾನಾಗಿ ಉಕ್ಕುವ ಭಾವನೆ ಮಾತ್ರವಲ್ಲ, ದಿನದಿನವೂ ಮಾಡಬೇಕಾದ ಕೆಲಸವೆಂಬುದು ಇದರ ತಾತ್ಪರ್ಯ. ಸೂರ್ಯ ಮುಳುಗುವುದರೊಳಗೆ ಕೋಪವನ್ನು ಬಿಡಬೇಕೆಂಬ ಉಪದೇಶ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಡೊಂಬಿವಲಿಯ ದಂಪತಿಗಳಿಗೆ ಸೂರ್ಯ ಮುಳುಗುವುದು ಹಲವು ವೇಳೆ ರೈಲಿನಲ್ಲಿಯೇ! ಆದುದರಿಂದ ದೀಪ ಆರಿಸುವುದರೊಳಗೆ ಎಂದು ಅದನ್ನು ಅರ್ಥಮಾಡಿಕೊಂಡರೆ ಸಾಕು.

ಈ ತತ್ತ್ವಕ್ಕೆ ಸರಳವಾದ ಅಭ್ಯಾಸಕ್ರಮವೊಂದು ದೊರೆತುದು ಸ್ಪೇನಿನಲ್ಲಿ. ಫಾದರ್ ಗೇಬ್ರಿಯಲ್ ಕಾಲ್ವೊ ಅವರು 1962ರಲ್ಲಿ ಬಾರ್ಸಿಲೋನಾದಲ್ಲಿ ದಂಪತಿಗಳಿಗಾಗಿ ನಡೆಸಿದ ಶಿಬಿರದಿಂದ ‘ಮ್ಯಾರೇಜ್ ಎನ್‌ಕೌಂಟರ್’ ಚಳವಳಿ ಬೆಳೆದು ಭಾರತಕ್ಕೂ ಬಂದಿತು. ಅದರ ಕ್ರಮವಿಷ್ಟೆ: ಹತ್ತು ನಿಮಿಷ ಇಬ್ಬರೂ ಪ್ರತ್ಯೇಕವಾಗಿ ತಮ್ಮ ಮನಸ್ಸಿನ ಭಾವವನ್ನು ಪರಸ್ಪರ ಪತ್ರರೂಪದಲ್ಲಿ ಬರೆಯುವುದು, ಅದನ್ನು ಓದಿಕೊಂಡು ಹತ್ತು ನಿಮಿಷ ಮಾತನಾಡುವುದು. ದಿವಂಗತ ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬಪ್ರೇಮವನ್ನು ಕುರಿತು ಹೊರಡಿಸಿದ ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರಬೋಧನೆಯಲ್ಲಿ, ಅಪ್ಪಣೆ ಕೇಳುವ, ಉಪಕಾರ ನೆನೆಯುವ, ತಪ್ಪೊಪ್ಪಿಕೊಳ್ಳುವ ಮೂರು ಮಾತುಗಳು ಮನೆಯಲ್ಲಿ ನಿತ್ಯವೂ ಕೇಳಿಬರಬೇಕೆಂದು ಒತ್ತಿ ಹೇಳಿದರು.

ವೈದ್ಯವಿಜ್ಞಾನವೂ ಈ ಮಾತಿಗೆ ಪೋಷಕವಾಗಿದೆ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಅವು ಮಾಯುವುದನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಗೆಯಿಂದ ವರ್ತಿಸಿದ ದಂಪತಿಗಳ ಗಾಯಗಳು, ಸೌಮ್ಯವಾಗಿ ನಡೆದುಕೊಂಡವರ ಗಾಯಗಳು ಮಾಯ್ದ ವೇಗದ ಶೇಕಡ 60ರಷ್ಟು ವೇಗದಲ್ಲಿ ಮಾತ್ರ ಮಾಯ್ದವು. ಕಟುಮಾತು ಮನಸ್ಸನ್ನಷ್ಟೇ ಅಲ್ಲ, ಚರ್ಮವನ್ನೂ ಮುಟ್ಟುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ಕ್ಷಮೆಯೆಂದರೆ ಹೊಡೆತ ಬಡಿತಗಳನ್ನು ಸಹಿಸಿಕೊಂಡಿರುವುದೆಂದಲ್ಲ. ಎಫೆಸದ ಪತ್ರದಲ್ಲಿ ಪತ್ನಿ ಪತಿಗೆ ಅಧೀನಳಾಗಿರಬೇಕೆಂಬ ಮಾತನ್ನಷ್ಟೇ ಎತ್ತಿ ಹೇಳುವವರುಂಟು. ಅದಕ್ಕೆ ಮೊದಲು ಇಬ್ಬರೂ ಪರಸ್ಪರ ಅಧೀನರಾಗಿರಬೇಕೆಂದೂ, ಅನಂತರ ಕ್ರಿಸ್ತನು ತನ್ನನ್ನೇ ಅರ್ಪಿಸಿಕೊಂಡಂತೆ ಪತಿ ಪತ್ನಿಯನ್ನು ಪ್ರೀತಿಸಬೇಕೆಂದೂ ಅಲ್ಲಿಯೇ ಇದೆ. ಹಿಂಸೆಯಿರುವೆಡೆ ಮೊದಲ ಕರ್ತವ್ಯ ರಕ್ಷಣೆ. ಅದಕ್ಕಾಗಿಯೇ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯಿದೆ.

ಇಪ್ಪತ್ತು ನಿಮಿಷಗಳ ಪ್ರಾರ್ಥನೆ ಮತ್ತು ಮಾತುಕತೆಗೆ ದೊಡ್ಡ ಮನೆ ಬೇಡ, ಹಣ ಬೇಡ. ಟೆಲಿವಿಷನ್ನನ್ನೂ ಮೊಬೈಲನ್ನೂ ಬದಿಗಿರಿಸುವ ಮನಸ್ಸು ಬೇಕು. ಯಾವ ಮತದ ಮನೆಯವರೇ ಆಗಲಿ, ತಮ್ಮ ದೇವರ ದೀಪದ ಮುಂದೆ ಈ ಅಭ್ಯಾಸವನ್ನು ಕೈಗೊಳ್ಳಬಹುದು. ನಾಳೆಯ ಗಾಡಿ ಹೇಗೂ ಹೊತ್ತಿಗೆ ಕರೆಯುತ್ತದೆ. ಇಂದಿನ ಮನಸ್ತಾಪವನ್ನು ಅದಕ್ಕೆ ಹತ್ತಿಸಿ ಕಳುಹಿಸದಿರುವುದೇ ಜಾಣತನ.