ಮಳೆಗಾಲದಲ್ಲಿ ಕಟ್ಟಿಹಾಕಿದ ನಾಯಿಗೆ ಚಟುವಟಿಕೆ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದ ಮಲೆನಾಡಿನಲ್ಲಿ ದನಕರುಗಳ ಬಗ್ಗೆ ವಹಿಸುವ ಎಚ್ಚರವನ್ನು ನಾಯಿಯ ಬಗ್ಗೆ ವಹಿಸುವವರು ಕಡಿಮೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಬೇಸಿಗೆಯಲ್ಲಿ ಯಜಮಾನನ ಹಿಂದೆ ಗದ್ದೆ ತೋಟ ಸುತ್ತಿ, ಮಂಗ ಓಡಿಸಿ, ದಣಿದು ಬಂದು ಮಲಗುತ್ತಿದ್ದ ನಾಯಿ ಈಗ ಜಗಲಿಯ ಕಂಬಕ್ಕೋ ಕೊಟ್ಟಿಗೆಯ ಮೂಲೆಗೋ ಬೀಳುತ್ತದೆ. ಚಿರತೆಯ ಹಾವಳಿ ಇರುವ ಊರುಗಳಲ್ಲಂತೂ ಕತ್ತಲಾದ ಮೇಲೆ ಅದನ್ನು ಹೊರಗೆ ಬಿಡುವಂತೆಯೇ ಇಲ್ಲ. ಊಟ ಮಾತ್ರ ಮೊದಲಿನಷ್ಟೇ, ಕೆಲಸವಿಲ್ಲ.

ಹೀಗೆ ಕೆಲಸವಿಲ್ಲದ ನಾಯಿ ಕಾರಣವಿಲ್ಲದೆ ರಾತ್ರಿಯಿಡೀ ಬೊಗಳುತ್ತದೆ, ಚಪ್ಪಲಿ ಕಂಬಳಿ ಹರಿಯುತ್ತದೆ, ತನ್ನ ಮುಂಗಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಕೆಲವು ನಾಯಿಗಳು ಕಚ್ಚಲೂ ಕಲಿಯುತ್ತವೆ. ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ನಮ್ಮ ಮನೆಯಲ್ಲೇ ಹೀಗಾಯಿತು. ಹಾಲಿಗೆಂದು ಬಂದ ಪಕ್ಕದ ಮನೆಯ ಮಗು ಸರಪಳಿ ದಾಟುವಾಗ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಬೇಸಿಗೆಯಲ್ಲಿ ಅದೇ ಮಗು ಕಿವಿ ಹಿಡಿದೆಳೆದರೂ ಸುಮ್ಮನಿರುತ್ತಿದ್ದ ನಾಯಿ ಅದು. ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಕರೆದೊಯ್ದು, ಹೇಳಿದಷ್ಟೂ ಚುಚ್ಚುಮದ್ದು ಹಾಕಿಸಿದೆವು. ಮಗುವಿಗೆ ಗುಣವಾಯಿತು. ನಾಯಿಯನ್ನು ಕೊಂದುಬಿಡಿ ಎಂದವರೂ ಇದ್ದರು. ಆದರೆ ಅದನ್ನು ಇಪ್ಪತ್ತು ದಿನ ಎರಡು ಮೊಳದ ಸರಪಳಿಯಲ್ಲಿ ಇಟ್ಟವನು ನಾನೇ.

ಓಡುತಂತಿ

ಮೊದಲು ಸರಿಪಡಿಸಬೇಕಾದದ್ದು ಕಟ್ಟುವ ರೀತಿಯನ್ನು. ಕೊಟ್ಟಿಗೆಯ ಅಥವಾ ಜಗಲಿಯ ಎರಡು ಕಂಬಗಳ ನಡುವೆ, ಮನುಷ್ಯರ ತಲೆಗೆ ತಾಗದ ಎತ್ತರದಲ್ಲಿ, 15ರಿಂದ 20 ಅಡಿ ಉದ್ದದ ದಪ್ಪ ತಂತಿಯನ್ನು ಬಿಗಿದು ಕಟ್ಟಿರಿ. ಅದಕ್ಕೊಂದು ಕಬ್ಬಿಣದ ಬಳೆ ಪೋಣಿಸಿ, ಸರಪಳಿಯನ್ನು ಆ ಬಳೆಗೆ ಸಿಕ್ಕಿಸಿದರೆ ನಾಯಿ ಆ ಕೊನೆಯಿಂದ ಈ ಕೊನೆಗೆ ಓಡಾಡಬಲ್ಲದು. ಸರಪಳಿ ಕಂಬಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಲ್ಲಿ ಕಂಬದಿಂದ ದೂರದಲ್ಲೇ ತಂತಿಗೆ ತಡೆ ಹಾಕತಕ್ಕದ್ದು. ನಾಯಿ ಆರಾಮವಾಗಿ ಮಲಗುವಷ್ಟು ಸರಪಳಿ ಉದ್ದವಿರಲಿ. ದನದ ಕಾಲಿಗೆ ಸಿಗುವಷ್ಟಾಗಲಿ, ಜಗಲಿಕಟ್ಟೆಯಿಂದ ಹಾರಿದರೆ ನೇತುಬೀಳುವಂತಾಗಲಿ ಇರಕೂಡದು. ಜನ ಓಡಾಡುವ ದಾರಿಗೆ ಅಡ್ಡವಾಗಿ ಇದನ್ನು ಕಟ್ಟಬಾರದು.

ಮೂಗಿಗೆ ಕೆಲಸ ಕೊಡಿ

ಓಡಾಟಕ್ಕಿಂತ ಹೆಚ್ಚಾಗಿ ನಾಯಿಯನ್ನು ದಣಿಸುವುದು ಹುಡುಕುವ ಕೆಲಸ. ಇದಕ್ಕೆ ಖರ್ಚಿಲ್ಲ. ಊಟವನ್ನು ಒಂದೇ ಸಲ ತಟ್ಟೆಗೆ ಸುರಿಯುವ ಬದಲು ಕಾಲು ಭಾಗವನ್ನು ತೆಗೆದಿಟ್ಟು, ರೊಟ್ಟಿಯ ಚೂರು ಅಥವಾ ಮುದ್ದೆಯ ಸಣ್ಣ ಉಂಡೆಗಳನ್ನಾಗಿ ಮಾಡಿರಿ. ಮೊದಲ ದಿನ ನಾಯಿ ನೋಡುತ್ತಿರುವಂತೆಯೇ ಒಂದು ಉಂಡೆಯನ್ನು ಗೋಣಿಚೀಲದ ಅಂಚಿನಡಿ ಇಟ್ಟು ‘ಹುಡುಕು’ ಎನ್ನಬೇಕು. ಎರಡು ಮೂರು ದಿನಕ್ಕೆ ಮಾತು ತಿಳಿಯುತ್ತದೆ. ನಂತರ ನಾಯಿಯನ್ನು ಬೇರೆಡೆ ಕಟ್ಟಿ, ಪಡಸಾಲೆಯ ನಾಲ್ಕಾರು ಕಡೆ ಅಡಗಿಸಿ ಬಿಡಬಹುದು. ಅಡಿಕೆ ಹಾಳೆಯನ್ನು ಮಡಿಸಿ ಅದರೊಳಗೆ ಇಟ್ಟರೆ ಬಿಡಿಸುವ ಕೆಲಸವೂ ಸೇರುತ್ತದೆ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ ಸಾಕು. ಎರಡು ನಾಯಿಗಳಿದ್ದರೆ ಬೇರೆ ಬೇರೆಯಾಗಿ ಆಡಿಸಿರಿ. ಅನ್ನದ ಮುಂದೆ ಅಣ್ಣತಮ್ಮಂದಿರೂ ಕಚ್ಚಾಡುತ್ತಾರೆ, ನಾಯಿಗಳನ್ನು ಕೇಳಬೇಕೆ!

ಮುಧೋಳ ತಳಿಗೆ ಮಾತ್ರ ಇದು ಮೊದಮೊದಲು ರುಚಿಸದಿರಬಹುದು. ಅದು ಮುಖ್ಯವಾಗಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ನಾಯಿ. ನಾಲ್ಕೈದು ಅಡಿ ಬಿದಿರು ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೆಯ ಬಟ್ಟೆಯ ಗಂಟು ಹಾಕಿ ನೆಲದ ಮೇಲೆ ಎಳೆದಾಡಿದರೆ ಅದು ಉತ್ಸಾಹದಿಂದ ಅಟ್ಟುತ್ತದೆ. ನಡುನಡುವೆ ಗಂಟು ಅದಕ್ಕೆ ಸಿಗಲೇಬೇಕು, ಇಲ್ಲದಿದ್ದರೆ ರೇಗುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿ. ನುಣುಪು ನೆಲದ ಮೇಲೆ ಗೋಣಿ ಹಾಸದೆ ಆಡಿಸಬೇಡಿ. ವರ್ಷ ತುಂಬದ ಮರಿಗಳನ್ನು ಎತ್ತರಕ್ಕೆ ಹಾರಿಸುವುದು, ಗಕ್ಕನೆ ತಿರುಗಿಸುವುದು ಸಲ್ಲದು, ಕೀಲುಗಳಿಗೆ ಪೆಟ್ಟು. ಊಟವಾದ ಮೇಲೆ ಒಂದು ಗಂಟೆಯಾದರೂ ಯಾವ ಓಟವೂ ಬೇಡ.

ಕಡಿಯಲು ಏನು ಕೊಡಬಾರದು

ಬೇಸರದ ನಾಯಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ರೈತರ ಮನೆಯಲ್ಲಿ ಅಪಾಯವಿರುವುದೇ ಇಲ್ಲಿ. ಮುಸುಕಿನ ಜೋಳದ ದಿಂಡನ್ನು, ಮಾವಿನ ಓಟೆಯನ್ನು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಬೇಯಿಸಿದ ಕೋಳಿಮೂಳೆ ಸೀಳಾಗಿ ಗಂಟಲು, ಕರುಳನ್ನು ಚುಚ್ಚುತ್ತದೆ. ಅಟ್ಟದಿಂದ ಉದುರಿದ ಅಡಿಕೆಯೂ ನಾಯಿಗೆ ಆಟದ ವಸ್ತುವಲ್ಲ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಯ ಲಾಡಿಹುಳು ಇಳಿಸಲು ಬಳಸುತ್ತಿದ್ದರು. ಅಳತೆ ಮೀರಿದರೆ ಜೊಲ್ಲು, ವಾಂತಿ, ಭೇದಿ ಉಂಟಾಗುತ್ತವೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಇವೂ ವಿಷವೇ. ಇಲಿಗೆಂದು ಮೂಲೆಯಲ್ಲಿಟ್ಟ ಜಿಂಕ್ ಫಾಸ್ಫೈಡ್ ಉಂಡೆಯನ್ನು ನಾಯಿ ‘ಹುಡುಕಿ’ ತಿಂದರೆ ಉಳಿಸುವುದು ಬಲು ಕಷ್ಟ. ಆದ್ದರಿಂದ ಮೇಲೆ ಹೇಳಿದ ಹುಡುಕಾಟ ಕಲಿಸುವ ಮೊದಲೇ ಮನೆಯಲ್ಲಿ ಇಲಿಪಾಷಾಣ ಎಲ್ಲೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಕಡಿಯಲು ಬಿಗಿಯಾಗಿ ಗಂಟು ಹಾಕಿದ ಹಳೆಯ ಗೋಣಿಬಟ್ಟೆ ಆಗಬಹುದು. ಎದುರಿಗೇ ಕುಳಿತು ಕೊಡಿ. ನಾರನ್ನು ನುಂಗತೊಡಗಿದರೆ ಕಸಿದುಕೊಳ್ಳಿ.

ಬೇಸರ ಬೇರೆ, ರೋಗ ಬೇರೆ

ನಾಯಿ ಇದ್ದಕ್ಕಿದ್ದಂತೆ ಅನ್ನನೀರು ಬಿಟ್ಟು, ಧ್ವನಿ ಬದಲಾಗಿ, ಜೊಲ್ಲು ಸುರಿಸುತ್ತ, ಎದುರಿಗೆ ಬಂದದ್ದನ್ನೆಲ್ಲ ಕಚ್ಚಲು ನೋಡಿದರೆ ಅದು ಬೇಸರವಲ್ಲ, ಹುಚ್ಚುರೋಗವಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಲೇಬೇಡಿ. ಮಕ್ಕಳನ್ನು, ದನಗಳನ್ನು ದೂರವಿಟ್ಟು ಪಶುವೈದ್ಯರಿಗೆ ತಿಳಿಸಿ. ಮೂರು ತಿಂಗಳ ಮರಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಹಾಕಿಸುತ್ತ ಬಂದಿದ್ದರೆ ಈ ಭಯ ಬಹುಮಟ್ಟಿಗೆ ಇರುವುದಿಲ್ಲ.

ಮಳೆ ಹೊಳವಾದಾಗ ಮಾತ್ರ ಮನೆಯೊಳಗಿನ ಆಟಗಳನ್ನೆಲ್ಲ ಬಿಟ್ಟು, ಹಗ್ಗ ಹಿಡಿದು ಅರ್ಧ ಗಂಟೆ ತೋಟ ಸುತ್ತಿಸಿ. ಬಂದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಕಿವಿ ಮತ್ತು ಮೂಗಿನ ಹೊಳ್ಳೆಗಳಲ್ಲಿ ಇಂಬಳ ಸೇರಿದೆಯೇ ಎಂದು ಬೆಳಕಿನಲ್ಲಿ ನೋಡಿ.