ಸ್ವರಕ್ಕೆ ಬಣ್ಣ ಹಚ್ಚುವ ಯಂತ್ರಗಳು

ರಷ್ಯಾದ ಸಂಗೀತಕಾರ ಅಲೆಕ್ಸಾಂಡರ್ ಸ್ಕ್ರಿಯಾಬಿನ್ 1910ರಲ್ಲಿ ಮುಗಿಸಿದ ‘ಪ್ರಾಮಿಥಿಯಸ್’ ಕೃತಿಯ ಸ್ವರಲಿಪಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಬೆಳಕಿನದು. ಕೀಬೋರ್ಡಿನ ಒಂದೊಂದು ಕೀ ಒತ್ತಿದಾಗಲೂ ಒಂದೊಂದು ಬಣ್ಣ ಸಭಾಂಗಣವನ್ನು ತುಂಬಬೇಕೆಂಬುದು ಅವನ ಆಸೆ. 1911ರಲ್ಲಿ ಮಾಸ್ಕೋದ ಮೊದಲ ಪ್ರಯೋಗ ಬಣ್ಣವಿಲ್ಲದೆಯೇ ನಡೆಯಿತು. 1915ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ‘ಕ್ರೋಮೋಲಾ’ ಎಂಬ ಯಂತ್ರ ಪರದೆಯ ಮೇಲೆ ಬಣ್ಣ ಚೆಲ್ಲಿತು.

ಈ ಹುಚ್ಚು ಹಳೆಯದು. ಸ್ವರದೊಂದಿಗೆ ಬಣ್ಣ ತೋರಿಸುವ ಹಾರ್ಪ್ಸಿಕಾರ್ಡನ್ನು ಫ್ರಾನ್ಸಿನ ಪಾದ್ರಿ ಲೂಯಿ ಬೆರ್ತ್ರಾಂ ಕಾಸ್ತೆಲ್ 1725ರಲ್ಲೇ ಕಲ್ಪಿಸಿದ್ದ. ಇಂಗ್ಲೆಂಡಿನ ಚಿತ್ರಕಾರ ವ್ಯಾಲೇಸ್ ರಿಮಿಂಗ್ಟನ್ 1895ರಲ್ಲಿ ಲಂಡನ್ನಿನಲ್ಲಿ ವಿದ್ಯುದ್ದೀಪದ ‘ಕಲರ್ ಆರ್ಗನ್’ ಪ್ರದರ್ಶಿಸಿದ. ಈ ಯಂತ್ರಗಳಿಗೆಲ್ಲ ಒಂದು ಕೋಷ್ಟಕ ಬೇಕು: ಯಾವ ಸ್ವರಕ್ಕೆ ಯಾವ ಬಣ್ಣ? ತಕರಾರು ಹುಟ್ಟುವುದೇ ಇಲ್ಲಿ. ‘ಡಿ’ ಶ್ರುತಿ ಹಳದಿ ಎಂಬುದಕ್ಕೆ ಸ್ಕ್ರಿಯಾಬಿನ್ ಮತ್ತು ರಷ್ಯಾದ ಇನ್ನೊಬ್ಬ ಸಂಗೀತಕಾರ ರಿಮ್‌ಸ್ಕಿ-ಕೊರ್ಸಕೋವ್ ಇಬ್ಬರದೂ ಒಪ್ಪಿಗೆ. ‘ಸಿ’ ಮಾತ್ರ ಒಬ್ಬನಿಗೆ ಕೆಂಪು, ಇನ್ನೊಬ್ಬನಿಗೆ ಬಿಳಿ.

ಯಂತ್ರದ ಹಂಗಿಲ್ಲದೆಯೂ ಇಂಥ ಅನುಭವ ಆಗುವುದುಂಟು. ಒಂದು ಇಂದ್ರಿಯಕ್ಕೆ ಸಿಕ್ಕ ಪ್ರಚೋದನೆ ಇನ್ನೊಂದರ ಅನುಭವವನ್ನೂ ತಾನಾಗಿ ಎಬ್ಬಿಸುವುದೇ ಸಿನೆಸ್ತೇಸಿಯಾ. ಕೆಲವರಿಗೆ ಸ್ವರ ಕೇಳಿದರೆ ಬಣ್ಣ ಕಾಣುತ್ತದೆ; ಕೆಲವರಿಗೆ ಅಂಕಿ, ಅಕ್ಷರಗಳೇ ಬಣ್ಣದವು. 2001ರಲ್ಲಿ ಸಂಶೋಧಕರಾದ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ ಒಂದು ಪರೀಕ್ಷೆ ಪ್ರಕಟಿಸಿದರು. ಹಾಳೆಯ ತುಂಬ ಕಪ್ಪು ಬಣ್ಣದ 5ರ ಅಂಕಿಗಳು. ನಡುವೆ ಕೆಲವು 2, ಸೇರಿದರೆ ತ್ರಿಕೋನದಂಥ ಆಕೃತಿ. ಅಂಚು ಚೌಕವಾಗಿ ಬರೆದರೆ ಈ ಎರಡು ಅಂಕಿಗಳು ಒಂದರ ಕನ್ನಡಿ ಬಿಂಬ ಇನ್ನೊಂದರಂತಿರುವುದರಿಂದ ಕಣ್ಣು ತಡವರಿಸುತ್ತದೆ. ಅಂಕಿಗಳು ಬಣ್ಣವಾಗಿ ಕಾಣುವವರು ಮಾತ್ರ ಆಕೃತಿಯನ್ನು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರು. ಮಿದುಳಿನಲ್ಲಿ ಅಂಕಿ ಗುರುತಿಸುವ ಭಾಗವೂ ಬಣ್ಣ ಗ್ರಹಿಸುವ ಭಾಗವೂ ಅಕ್ಕಪಕ್ಕದಲ್ಲಿವೆ, ಅವುಗಳ ನಡುವೆ ಹೆಚ್ಚುವರಿ ಸಂಪರ್ಕ ಉಳಿದಿರಬಹುದು ಎಂಬುದು ಅವರ ವಿವರಣೆ.

ಇಂಥವರ ಬಣ್ಣಗಳು ಒಬ್ಬರಿಂದ ಒಬ್ಬರಿಗೆ ಬೇರೆ. ಆದರೆ ಒಬ್ಬರಲ್ಲಿ ಅವು ಸುಲಭಕ್ಕೆ ಬದಲಾಗವು. ತಿಂಗಳುಗಳ ನಂತರ ಮತ್ತೆ ಕೇಳಿದರೂ ಉತ್ತರ ಬಹುಮಟ್ಟಿಗೆ ಅದೇ. ಸ್ಕ್ರಿಯಾಬಿನ್‌ಗೆ ನಿಜಕ್ಕೂ ಸಿನೆಸ್ತೇಸಿಯಾ ಇತ್ತೇ ಎಂದು ವಿದ್ವಾಂಸರಿಗೆ ಸಂಶಯವಿರುವುದೂ ಅವನ ಕೋಷ್ಟಕದಿಂದಲೇ. ಸಿ, ಜಿ, ಡಿ, ಎ ಎಂದು ಪಂಚಮಗಳ ಕ್ರಮದಲ್ಲಿ ಹೋದರೆ ಕೆಂಪು, ಕಿತ್ತಳೆ, ಹಳದಿ, ಹಸಿರು ಎಂದು ಕಾಮನಬಿಲ್ಲೇ ಬಿಚ್ಚಿಕೊಳ್ಳುತ್ತದೆ. ಇಷ್ಟು ಅಚ್ಚುಕಟ್ಟು ಅನುಭವದಿಂದ ಬಂದದ್ದಕ್ಕಿಂತ ಕೂತು ಹೊಂದಿಸಿದ್ದೆಂದೇ ತೋರುತ್ತದೆ.

ಬಣ್ಣದ ಯಂತ್ರಗಳ ಸಾಲಿನಲ್ಲಿ ಈಗ ಆಗ್ಮೆಂಟೆಡ್ ರಿಯಾಲಿಟಿಯ, ಅಂದರೆ ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರ್ ಚಿತ್ರ ಬೆರೆಸುವ ತಂತ್ರದ, ಸರದಿ. ಇಲ್ಲಿ ಮೈಕು ಹಿಡಿದ ಧ್ವನಿಯನ್ನು ತಂತ್ರಾಂಶ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಯಾವ ಆವರ್ತನ ಎಷ್ಟಿದೆ ಎಂದು ಫೂರಿಯೆ ಪರಿವರ್ತನೆಯಿಂದ ಬಿಡಿಸುತ್ತದೆ. ಆಮೇಲೆ ಕೋಷ್ಟಕದಂತೆ ಕ್ಯಾಮೆರಾದ ದೃಶ್ಯದ ಮೇಲೆ ಬಣ್ಣ ಮೂಡಿಸುತ್ತದೆ. ವೀಣೆಯ ತಂತಿ ಮಿಡಿದರೆ ಅದರ ಸುತ್ತಲೇ ನೀಲಿ ಏಳುವಂತೆ ಮಾಡಬಹುದು. ಚಂದವೇ ಸರಿ, ಆದರೆ ಆ ನೀಲಿ ತಂತ್ರಾಂಶ ಬರೆದವರದು. ಹೆಡ್‌ಸೆಟ್ ತೆಗೆದರೆ ಅದೂ ಹೋಗುತ್ತದೆ.

ಇದೇ ತಂತ್ರವನ್ನು ತಿರುವಿಹಾಕಿದರೆ ನಿಜವಾದ ಉಪಯೋಗವಿದೆ. ನೆದರ್‌ಲ್ಯಾಂಡ್ಸಿನ ಎಂಜಿನಿಯರ್ ಪೀಟರ್ ಮೈಯರ್ 1992ರಲ್ಲಿ ಪ್ರಕಟಿಸಿದ ‘ವಾಯ್ಸ್’ ವ್ಯವಸ್ಥೆ ದೃಶ್ಯವನ್ನು ಶಬ್ದವಾಗಿಸುತ್ತದೆ. ಕ್ಯಾಮೆರಾದ ಚಿತ್ರವನ್ನು ಸುಮಾರು ಒಂದು ಸೆಕೆಂಡಿನಲ್ಲಿ ಎಡದಿಂದ ಬಲಕ್ಕೆ ಓದುತ್ತದೆ. ಮೇಲಿರುವುದಕ್ಕೆ ಏರುಸ್ವರ, ಬೆಳ್ಳಗಿರುವುದಕ್ಕೆ ಜೋರು ದನಿ. ಕಪ್ಪು ಗೋಡೆಯ ಮೇಲೆ ಎಡದಿಂದ ಬಲಕ್ಕೆ ಏರುವ ಬಿಳಿ ಗೆರೆ ಕಿವಿಗೆ ಜಾರುತ್ತ ಮೇಲೇರುವ ಸ್ವರ. ದೀರ್ಘ ಅಭ್ಯಾಸ ಮಾಡಿದ ಅಂಧರು ಇದರಿಂದ ಆಕಾರಗಳನ್ನು ಗುರುತಿಸಬಲ್ಲರು. ಆಗ ಅವರ ಮಿದುಳಿನ ದೃಷ್ಟಿಭಾಗವೂ ಸಕ್ರಿಯವಾಗುವುದನ್ನು ಸಂಶೋಧಕರು ಕಂಡಿದ್ದಾರೆ.

ಇಲ್ಲಿ ಗೆದ್ದದ್ದು ಬದಲಾಗದ ನಿಯಮ. ಸ್ವರಕ್ಕೆ ಯಾವ ಬಣ್ಣ ಎಂಬುದು ಮುಖ್ಯವಲ್ಲ, ನಾಳೆಯೂ ಅದೇ ಬಣ್ಣವೇ ಎಂಬುದು ಮುಖ್ಯ. ಸಂಗೀತವನ್ನು ಕಣ್ಣಿಗೆ ಕಾಣಿಸುತ್ತೇವೆನ್ನುವ ಆ್ಯಪ್ ಕೈಗೆ ಸಿಕ್ಕರೆ ಒಂದೇ ಸ್ವರವನ್ನು ಹತ್ತು ಸಲ ನುಡಿಸಿ ನೋಡಿ. ಹತ್ತು ಸಲವೂ ಒಂದೇ ಬಣ್ಣ ಬಂದರೆ ಅದರಿಂದ ಕಲಿಯುವುದು ಏನಾದರೂ ಇದೆ. ಇಲ್ಲವಾದರೆ ಅದು ಬರೀ ದೀಪಾಲಂಕಾರ.